ಮುತ್ತಜ್ಜಿ ತಾಯಿಯಾದ ತಾರೀಖು

ಇಟಲಿಯ ಮಾನ್ಯ ಕಾನ್ಸುಲ್ ಮಹಾಶಯರೇ,

ತಾವು ನನ್ನನ್ನು ಇಟಲಿಯ ಪ್ರಜೆಯನ್ನಾಗಿ ಮಾಡಿದಿರಿ ಎಂದು ದೂರುವುದಕ್ಕಾಗಿ ಈ ಪತ್ರ. ಪಾಸ್‌ಪೋರ್ಟ್ ಸಿಕ್ಕಿತೆಂದು ತಮ್ಮ ಜೊತೆ ಜಗಳಕ್ಕೆ ನಿಂತ ಮೊದಲ ಅರ್ಜೆಂಟೀನದವನು ನಾನೇ ಇರಬೇಕು. ದಯವಿಟ್ಟು ಕುಳಿತುಕೊಂಡು ಓದಿ.

ನಮ್ಮ ಮುತ್ತಜ್ಜಿ ಕತೆರೀನಾ ತಮ್ಮ ದೇಶದಿಂದ ಹಡಗು ಹತ್ತಿ ಬಂದು, ಇಲ್ಲಿಯವನನ್ನೇ ಮದುವೆಯಾಗಿ, ಇಲ್ಲಿನ ಸಾಂತಾ ಫೆಯ ಬಯಲಿನಲ್ಲಿ ಇಬ್ಬರನ್ನು ಹೆತ್ತಳು. 1947ರಲ್ಲಿ ಎರ್ಮಿನಿಯೊ ತಾತ, 1949ರಲ್ಲಿ ನಮ್ಮಜ್ಜಿ ದೆಲ್ಫಿನಾ. ಅದೇ ತಾಯಿ, ಅದೇ ತೊಟ್ಟಿಲು. ಆದರೆ ತಮ್ಮ ಕಚೇರಿಯ ಲೆಕ್ಕದಲ್ಲಿ ಹೆಂಗಸಿನ ಪೌರತ್ವ ಮಕ್ಕಳಿಗೆ ದಾಟುವುದು 1948ರ ಜನವರಿ ಒಂದರಿಂದ ಈಚೆಗೆ ಹೆತ್ತರೆ ಮಾತ್ರ. ಹಾಗಾದರೆ ತಾತನಿಗೆ ಹಾಲೂಡಿಸಿದವಳು ಯಾರು ಸ್ವಾಮಿ? ದಾರಿಹೋಕಳೇ? 'ಕೋರ್ಟಿಗೆ ಹೋಗಬಹುದು' ಎನ್ನುತ್ತೀರಿ. ಎಪ್ಪತ್ತು ದಾಟಿದವರಿಗೆ ವರ್ಷಗಟ್ಟಲೆ ಕಾಯಿರಿ ಎನ್ನುವಷ್ಟು ಹಾಸ್ಯಪ್ರಜ್ಞೆ ಊರಿಗೇ ತಲೆಹರಟೆಯಾದ ನನಗೂ ಇಲ್ಲ.

ಹೀಗೆ ಅಜ್ಜಿ, ಅಮ್ಮ, ನಾನು ಎರಡು ದೇಶಗಳ ಪ್ರಜೆಗಳಾದೆವು. ಅಪ್ಪನಿಗೆ ಅಲ್ಲಿ ಕೆಲಸ ಗೊತ್ತಾಗಿದೆ. ಗುರುವಾರ ಮನೆಮಂದಿಯೆಲ್ಲ ಹೊರಡುತ್ತೇವೆ. ಮದುವೆಯಾಗದೆ ನಮ್ಮ ಜೊತೆಗೇ ಬಾಳಿದ ತಾತನೊಬ್ಬರನ್ನು ಬಿಟ್ಟು.

ಮುತ್ತಜ್ಜಿಯ ಮಾತಿನಲ್ಲಿ ನನಗೆ ಬರುವುದು ಒಂದು ಬೈಗುಳ, ಒಂದು ಬೆಳ್ಳುಳ್ಳಿ ಗೊಜ್ಜಿನ ಹೆಸರು. ತಾತನಿಗೆ ಇಡೀ ಭಾಷೆ ಬರುತ್ತದೆ. ತಮಾಷೆಗೆಂದು ಅವರನ್ನು 'ನನ್ನ ದುಭಾಷಿ' ಎಂದು ತಮ್ಮ ಕಚೇರಿಗೆ ಕರೆತಂದಿದ್ದೆ. ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಅವರ ಮಾತಿಗೆ ಅರಳಿಬಿಟ್ಟಳು. "ಅಯ್ಯೋ, ನಮ್ಮಜ್ಜಿ ಹೀಗೇ ಮಾತಾಡ್ತಿದ್ರು! ನೀವು ನಮ್ಮೂರಿನವರೇ!" ಎಂದಳು. ಎಂದವಳೇ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟಳು.

ವಾಪಸಾಗುವಾಗ ಬಸ್ಸಿನಲ್ಲಿ ನಾನು ಬಾಯಿಬಿಡಲಿಲ್ಲ. "ಯಾಕೋ ಬ್ರಾವ್ಲಿಯೊ, ಇಟಲಿಯವರಿಗೆ ಮಾತು ಬರಲ್ವಾ? ಅವರ ಹಾಗೆ ಕೈಯಾದ್ರೂ ಆಡಿಸೋ!" ಎಂದರು ತಾತ. ಸುತ್ತಲಿದ್ದವರೆಲ್ಲ ನಕ್ಕರು.

ತಾತ, ಅಜ್ಜಿ ನಮ್ಮ ಕ್ಲಬ್ಬಿನಲ್ಲಿ 'ತ್ರೂಕೊ' ಇಸ್ಪೀಟಿನ ಜೋಡಿ. ಈ ಆಟದಲ್ಲಿ ಕೈಯಲ್ಲಿರುವ ಎಲೆಯನ್ನು ಜೊತೆಗಾರರಿಗೆ ಮುಖಸನ್ನೆಯಲ್ಲೇ ತಿಳಿಸಬೇಕು. ಹುಬ್ಬು ಏರಿಸಿದರೆ ಎಲ್ಲಕ್ಕೂ ದೊಡ್ಡ ಎಲೆ ಇದೆ ಎಂದರ್ಥ. ಎದುರಾಳಿಗೆ ಬಾಯಿತುಂಬ ಸುಳ್ಳು ಹೇಳಬಹುದು. ಜೊತೆಗಾರರಿಗೆ ಸುಳ್ಳುಸನ್ನೆ ಮಾಡುವಂತಿಲ್ಲ. ತಾತ ಎಂದೂ ಮಾಡಿದವರಲ್ಲ.

ಮೊನ್ನೆ ಭಾನುವಾರ ಅವರ ಕೊನೆಯ ಆಟ. ನಡುವೆ ಅಜ್ಜಿ, "ಅಣ್ಣಾ, ನಾನು ಹೋಗಲ್ಲ ಕಣೋ. ನಿನಗೆ ಇಲ್ಲಿ ಯಾರಿದ್ದಾರೆ?" ಎಂದಳು.

"ಹೋಗೇ ಮಾರಾಯ್ತಿ! ಹೊಸ ಜೊತೆಗಾರ್ತಿ ಸಿಕ್ಕಾಯ್ತು. ನಿನ್ನ ಹಾಗೆ ಆಟದ ಮಧ್ಯೆ ಅಳಲ್ಲ ಅವಳು," ಎಂದ ತಾತ, ಅಜ್ಜಿಯನ್ನೇ ನೋಡುತ್ತ ಹುಬ್ಬು ಏರಿಸಿದರು.

ಅಜ್ಜಿ ನಂಬಿದಳು. ಕಣ್ಣೊರೆಸಿಕೊಂಡು "ತ್ರೂಕೊ!" ಎಂದು ಕೂಗಿ ಪಣ ಏರಿಸಿದಳು. ಎದುರಾಳಿಗಳು ಹೆದರಿ ಆಟ ಬಿಟ್ಟರು. ಯಾರೂ ಎಲೆ ತೋರಿಸಬೇಕಾಗಲಿಲ್ಲ. ಎಲೆಗಳನ್ನು ಒಟ್ಟು ಮಾಡುವಾಗ ತಾತನದನ್ನು ನಾನು ಮೆಲ್ಲಗೆ ತಿರುಗಿಸಿದೆ. ನಾಲ್ಕು, ಐದು, ಆರು. ಈ ಆಟದಲ್ಲಿ ಎಲ್ಲಕ್ಕೂ ಸಣ್ಣ ಎಲೆಗಳು ಅವೇ. ಹೊಸ ಜೊತೆಗಾರ್ತಿಯೂ ಆ ಹುಬ್ಬಿನ ಸನ್ನೆಯಷ್ಟೇ ನಿಜ.

ಆದ್ದರಿಂದ ನನ್ನ ಬೇಡಿಕೆ: ತಾವು ತಳ್ಳಿಹಾಕಿದ ತಾತನ ಅರ್ಜಿಯನ್ನು ಮತ್ತೆ ತೆಗೆದುಕೊಳ್ಳಿ. ಕತೆರೀನಾ 1947ರಲ್ಲೂ ತಾಯಿಯಾಗಿದ್ದಳೆಂದು ಒಪ್ಪಿಕೊಳ್ಳಿ. ತಮ್ಮ ಕೈಲಾಗದಿದ್ದರೆ ರೋಮಿಗೆ ಬರೆಯಿರಿ. ಬರುವುದು ಬಿಡುವುದು ತಾತನ ಇಷ್ಟ. 'ನೀನೂ ಬಾ' ಎನ್ನುವ ಹಕ್ಕಾದರೂ ಅಜ್ಜಿಗೆ ಇರಲಿ.

ಎಲೆಯ ವಿಷಯ ಅಜ್ಜಿಗೆ ಹೇಳಿಲ್ಲ. ಹೇಳಿದರೆ ಅವಳು ವಿಮಾನ ಹತ್ತುವುದಿಲ್ಲ. ಅವಳು ಹತ್ತದಿದ್ದರೆ ಅಮ್ಮನೂ ಹತ್ತುವುದಿಲ್ಲ. ನನಗೋ, ಹೋಗಬೇಕೆಂಬ ಆಸೆ ಇದೆ. ಅದಕ್ಕೇ ಈ ಪತ್ರವನ್ನು ನಾವು ಹೊರಟ ಮರುದಿನ, ಶುಕ್ರವಾರ, ಅಚ್ಚು ಹಾಕಿ ಎಂದು ನಮ್ಮೂರ ಪತ್ರಿಕೆಯ ಸಂಪಾದಕರನ್ನು ಬೇಡಿಕೊಂಡಿದ್ದೇನೆ.

ಇಂತಿ,
ಎಲೆ ನೋಡಿಯೂ ಬಾಯಿ ಮುಚ್ಚಿಕೊಂಡ ತಮ್ಮ ಹೊಸ ಪ್ರಜೆ,
ಬ್ರಾವ್ಲಿಯೊ