ಹೊಗೆ ಕಾಣದ ಚಿಮಣಿ

ಏಪ್ರಿಲ್ ೧೪, ಮಂಗಳವಾರ, ರಾತ್ರಿ

ನಿದ್ದೆ ಹತ್ತುತ್ತಿಲ್ಲ. ಸಂಜೆ ಮಗಳನ್ನು ತಾರಸಿಗೆ ಕರೆದೊಯ್ದು ಜಂಬ ಕೊಚ್ಚಿಕೊಂಡದ್ದೇ ತಪ್ಪಾಯಿತು.

"ನೋಡೇ, ಅದು ನಮ್ಮ ಪವರ್ ಸ್ಟೇಷನ್ ಚಿಮಣಿ. ಒಂಚೂರಾದ್ರೂ ಹೊಗೆ ಕಾಣ್ತಿದೆಯಾ? ಬಾಯ್ಲರ್ ನೋಡ್ಕೊಳ್ಳೋನು ನಿಮ್ಮಪ್ಪ!"

"ಹಾಗಾದ್ರೆ ಸುಟ್ಟ ಕಲ್ಲಿದ್ದಲೆಲ್ಲ ಎಲ್ಲಿಗೆ ಹೋಯ್ತು ಅಪ್ಪಾ?"

ಬೂದಿಯಾಯಿತು ಎಂದೆ. ಅವಳು ಬಿಡಲಿಲ್ಲ. "ಅಷ್ಟೂ ಬೂದಿನೇನಾ?"

ಅಲ್ಲ. ಕಪ್ಪು ಹೊಗೆ ಬಂದರೆ ಕಲ್ಲಿದ್ದಲು ಅರ್ಧಂಬರ್ಧ ಉರಿದಿದೆ ಎಂದು ನಮ್ಮ ಲೆಕ್ಕ. ಚೆನ್ನಾಗಿ ಉರಿದಷ್ಟೂ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ, ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಆಗಿ ಮೇಲೇರುತ್ತದೆ. ಬಿಸಿಲನ್ನು ಅದು ಒಳಗೆ ಬಿಡುತ್ತದೆ. ಕಾದ ನೆಲ ವಾಪಸ್ ಕಳಿಸುವ ಶಾಖವನ್ನು ಮಾತ್ರ ತಡೆದು ಹಿಡಿಯುತ್ತದೆ. ಇಷ್ಟು ವರ್ಷ ದಿನಾ ತಲೆಯೆತ್ತಿ ನೋಡಿ, ಏನೂ ಕಾಣಲಿಲ್ಲವಲ್ಲ ಎಂದು ನೆಮ್ಮದಿಯಿಂದ ಮನೆಗೆ ಬಂದಿದ್ದೇನೆ.

ಇದನ್ನೆಲ್ಲ ಹೇಳಿದ ಮೇಲೆ, ಅದು ಯಾವಾಗ ಹೋಗುತ್ತದೆ ಎಂದು ಕೇಳಿದಳು.

"ಬೇಗ ಹೋಗಲ್ಲ ಪುಟ್ಟಿ. ಒಂದಷ್ಟನ್ನ ಗಿಡ ಮರ, ಸಮುದ್ರ ಎಳ್ಕೊಳ್ಳತ್ತೆ. ಮಿಕ್ಕಿದ್ದು ನೂರಾರು ವರ್ಷ ಅಲ್ಲೇ ಇರತ್ತೆ."

"ಅಂದ್ರೆ ನಾನು ಹುಟ್ಟಿದ ದಿನ ನೀನು ಸುಟ್ಟಿದ್ದೂ ಇನ್ನೂ ಅಲ್ಲೇ ಇದೆಯಾ?"

ಇದೆ. ಆ ದಿನ ನಾನು ಡ್ಯೂಟಿ ಮುಗಿಸಿಯೇ ಆಸ್ಪತ್ರೆಗೆ ಓಡಿದ್ದು.

ತಡೆಯಲಾರದ ಸೆಕೆ. ಫ್ಯಾನು ತಿರುಗುತ್ತಿದೆ, ನಮ್ಮದೇ ಕರೆಂಟಿನಲ್ಲಿ. ಏನಾದರೊಂದು ಮಾಡಬೇಕೆನಿಸಿ ಈಗಷ್ಟೇ ಎದ್ದು ಆರಿಸಿದೆ. ಮಗಳು ಕಣ್ಣು ಬಿಡದೆಯೇ ಗೊಣಗಿದಳು.

"ಅಪ್ಪಾ, ಫ್ಯಾನ್ ಹಾಕು. ಸೆಕೆ."

ಹಾಕಿದೆ.