ಕೊಟ್ಟಿಗೆಯ ಚಿಲಕ

ಕೊಪ್ಪ, ಸೋಮವಾರ

ಮಂಡ್ಯದ ಪುಟ್ಟಸ್ವಾಮಿ ಭಾವನವರಿಗೆ ಸೌಮ್ಯ ಮಾಡುವ ನಮಸ್ಕಾರ.

ಫೋನಿನಲ್ಲಾದರೆ ನೀವೊಬ್ಬರೇ ಮಾತಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮಾವನವರ ಹಳೇ ಟ್ರ್ಯಾಕ್ಟರು ಇನ್ನು ಉಳುವುದಿಲ್ಲ, ಬಣ್ಣ ಬಳಿದು ಹೈವೇ ಹೋಟೆಲಿನ ಮುಂದೆ ಶೋಗೆ ನಿಲ್ಲಿಸೋಣ, ಗದ್ದೆಯನ್ನು ಗುತ್ತಿಗೆಗೆ ಕೊಡೋಣ ಎಂದಿರಿ. ನಿಮ್ಮ ತಮ್ಮ ತೀರಿಕೊಂಡ ಮೇಲೆ ಆ ಗದ್ದೆ ಮಾಡುತ್ತಿರುವವಳು ನಾನು. ನನ್ನನ್ನು ಕೇಳಲಿಲ್ಲ.

ಗಾಡಿಗೆ ಏನೂ ಆಗಿರಲಿಲ್ಲ. ಕೈ ಆಕ್ಸಿಲರೇಟರಿನಿಂದ, ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಗವರ್ನರಿಗೆ ಹೋಗುವ ಕಬ್ಬಿಣದ ಕಡ್ಡಿಯೊಂದು ಕಾಣೆಯಾಗಿತ್ತು, ಅಷ್ಟೆ. ಅದು ಕೊಟ್ಟಿಗೆ ಬಾಗಿಲಿಗೆ ಚಿಲಕವಾಗಿ ಕೂತಿತ್ತು. ಯಾರು ಸಿಕ್ಕಿಸಿದರೆಂದು ನಾನು ಕೇಳುವುದಿಲ್ಲ.

ತುಕ್ಕು ಉಜ್ಜಿ, ಸ್ಪ್ರಿಂಗು ಹಾಕಿ, ನಾನೇ ಜೋಡಿಸಿದೆ. ಮೊದಲ ಸಲ ಕಡ್ಡಿ ಉದ್ದವಾಗಿ, ಎಂಜಿನ್ ಊರಿಗೆಲ್ಲ ಕೇಳುವಂತೆ ಕಿರುಚಿತು. ಬಿಚ್ಚಿ, ತುದಿಯ ನಟ್ಟು ತಿರುಗಿಸಿ ಗಿಡ್ಡ ಮಾಡಿದೆ. ನಿನ್ನೆ ಕೆಸರುಗದ್ದೆಗೆ ಇಳಿಸಿದೆ. ಭಾರ ಬಿದ್ದಾಗ ಎಂಜಿನ್ ತಾನೇ ಜೋರಾಯಿತು, ಭಾರ ಇಳಿದಾಗ ತಾನೇ ತಗ್ಗಿತು. ಅತ್ತೆ ಬದುವಿನ ಮೇಲೆ ನಿಂತು, “ಉಳೋ ಗಾಡೀನ ಓಟ್ಲು ಮುಂದೆ ನಿಲ್ಸಕೆ ಅವನ್ಗೇನ್ ರೋಗ ಬಂದದೆ? ಬರ್ಲಿ ಬುಡು ಕಣಮ್ಮ, ನಾನ್ ಕೇಳ್ತೀನಿ” ಎಂದರು.

ಹೋಟೆಲಿನವರಿಗೆ ಇಲ್ಲವೆಂದು ನೀವೇ ಹೇಳಿಬಿಡಿ. ಗುತ್ತಿಗೆಗೆ ಕೇಳಿದವರಿಗೂ ಹೇಳಿ. ನಾಟಿಗೆ ಬನ್ನಿ, ಊಟ ಇಲ್ಲೇ ಮಾಡಬಹುದು.

ಕೊಟ್ಟಿಗೆ ಬಾಗಿಲಿಗೆ ಸದ್ಯಕ್ಕೆ ಹಗ್ಗ ಕಟ್ಟಿದ್ದೇನೆ. ಬರುವಾಗ ಮಂಡ್ಯದಿಂದ ಒಂದು ಚಿಲಕ ತನ್ನಿ.

ಇಂತಿ,
ಸೌಮ್ಯ