ಎದ್ದೇಳದ ಹಾಸ್ಯಗಾರ

ಅಪ್ಪಾ,

ಈಗಷ್ಟೇ ವಾಷಿಂಗ್ಟನ್ನಿನಿಂದ ಸೆಂಟರ್‌ವಿಲ್ಲಿನ ಮನೆಗೆ ಬಂದೆವು, ನಕ್ಕು ನಕ್ಕು ಕೆನ್ನೆ ಇನ್ನೂ ನೋಯುತ್ತಿದೆ! ಜಪಾನಿನ ಹಾಸ್ಯಗಾರನೊಬ್ಬನ ರಾಕುಗೋ ಆಟ ನೋಡಿದೆವು. ಅದರಲ್ಲಿ ಒಬ್ಬನೇ ಕೂತು ಕಥೆ ಹೇಳಬೇಕು, ಕೂತ ದಿಂಬು ಬಿಟ್ಟು ಏಳುವಂತಿಲ್ಲ. ಕೈಯಲ್ಲಿ ಬೀಸಣಿಗೆ, ಕರವಸ್ತ್ರ ಮಾತ್ರ. ಆತ ಕೂತಲ್ಲೇ ಕಳ್ಳನಾಗಿ ಓಡಿದ. ಕೂತಲ್ಲೇ ಪೊಲೀಸನಾಗಿ, ಮಡಚಿದ ಬೀಸಣಿಗೆಯನ್ನೇ ದೊಣ್ಣೆ ಮಾಡಿಕೊಂಡು ಬೆನ್ನಟ್ಟಿದ! ನಿಜವಾಗಿ ಎದ್ದು ಓಡಿದ್ದರೆ ಅಷ್ಟು ನಗು ಬರುತ್ತಿರಲಿಲ್ಲ.

“ಅಮ್ಮಾ, ಅಜ್ಜ ಕೂಡ ಸಿಟ್ ಮಾಡಿ ಜೋಕ್ ಮಾಡ್ತಿದ್ರಾ?” ಎಂದಳು ನಿಕಿತಾ.

“ಅಜ್ಜ ಕೂತರೆ ತಾನೇ! ಯಕ್ಷಗಾನದಲ್ಲಿ ಹಾಸ್ಯಗಾರರಾಗಿ ರಂಗಸ್ಥಳವಿಡೀ ಕುಣೀತಿದ್ರು” ಎಂದೆ.

ಹಾಗೆಂದ ಮೇಲೆ ನೆನಪಾಯಿತು: ಕಾಲಿನ ಸ್ವಾಧೀನ ತಪ್ಪಿದ್ದ ನಿಮ್ಮ ಕೊನೆಯ ಬೇಸಿಗೆಯಲ್ಲಿ ನಾವು ಉಡುಪಿಗೆ ಬಂದಾಗ, ಮಂಚದಲ್ಲಿ ಒರಗಿ ಕೂತು, “ಮಗುವನ್ನು ಕರಿ, ಒಂದು ಬೀಸಣಿಗೆ ಕೊಡು ಮಾರಾಯ್ತಿ” ಎಂದಿರಿ.

ಅಜ್ಜ ಮಲಗಲಿ ಎಂದು ನಿಕಿತಾಳನ್ನು ಅಂಗಳಕ್ಕೆ ಕಳಿಸಿ, ಸೆಕೆಯಿರಬೇಕೆಂದು ಫ್ಯಾನು ಜೋರು ಮಾಡಿದೆ.